ಗೇರ್‌ಬಾಕ್ಸ್ ಇಳಿಸುವ ಮುಂಚೆ ವೈರ್ ನೋಡಿ: ಆಟೊಮ್ಯಾಟಿಕ್ ಕಾರಿನ ಎಲೆಕ್ಟ್ರಿಕಲ್ ದೋಷ ಹಿಡಿಯುವ ಸಮಗ್ರ ಮಾರ್ಗದರ್ಶಿ

ಹಾಸನದಲ್ಲಿ ಕಾರು ವೈರಿಂಗ್ ಕೆಲಸ ಮಾಡುವ ನನ್ನ ಹತ್ತಿರ ಪ್ರತಿ ಮಳೆಗಾಲವೂ ಒಂದೇ ಕಥೆ ಬರುತ್ತದೆ. ಗೇರ್ ಒಂದರಲ್ಲೇ ಸಿಕ್ಕಿಕೊಂಡಿದೆ, ಡ್ಯಾಶ್‌ಬೋರ್ಡ್‌ನಲ್ಲಿ ಲೈಟ್ ಉರಿಯುತ್ತಿದೆ, ಯಾರೋ ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿದ್ದಾರೆ, ಎರಡು ದಿನ ಸರಿಹೋಗಿ ಮತ್ತೆ ಬಂದಿದೆ, ಆಮೇಲೆ ಇನ್ಯಾರೋ ಸೆನ್ಸರ್ ಬದಲಾಯಿಸಿದ್ದಾರೆ, ಅದರಿಂದಲೂ ಆಗಲಿಲ್ಲ, ಈಗ ಗೇರ್‌ಬಾಕ್ಸನ್ನೇ ಇಳಿಸಬೇಕು ಅಂತ ಹೇಳಿದ್ದಾರೆ. ಇಂಥ ಕಾರುಗಳಲ್ಲಿ ಎಷ್ಟೋ ಸಲ ನನಗೆ ಕೊನೆಗೆ ಸಿಕ್ಕಿದ್ದು ಕಿಲುಬು ಹಿಡಿದ ಒಂದು ಪಿನ್ನು, ಇಲ್ಲವೇ ಇಲಿ ಕಡಿದ ಒಂದು ವೈರು.

ಮೀಟರ್ ಈಗ ಎಲ್ಲರ ಹತ್ತಿರ ಇದೆ, ಅಗ್ಗದ ಸ್ಕ್ಯಾನರೂ ಇದೆ. ಎಡವುತ್ತಿರುವುದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲಿ. ಹಾಗಾಗಿ ಕೆಳಗಿನ ಹಂತಗಳನ್ನು ಅದೇ ವರಸೆಯಲ್ಲಿ ಮಾಡಿ. ನಾಲ್ಕನೇ ಹಂತ ಬಿಟ್ಟು ಎಂಟಕ್ಕೆ ಹಾರಿದವರು ವಾಪಸ್ ನಾಲ್ಕಕ್ಕೇ ಬರುತ್ತಾರೆ, ಜೇಬು ಖಾಲಿ ಮಾಡಿಕೊಂಡು.

## ನಿಮ್ಮದು ಯಾವ ಆಟೊಮ್ಯಾಟಿಕ್?

ಇಲ್ಲಿ ನಾನು ಮುಖ್ಯವಾಗಿ ಹೇಳುವುದು ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಮಾಮೂಲಿ ಆಟೊಮ್ಯಾಟಿಕ್ ಬಗ್ಗೆ. ಗೇರ್ ಬದಲು ಬೆಲ್ಟ್ ಇರುವ ಸಿವಿಟಿಗೂ ಹೆಚ್ಚುಕಡಿಮೆ ಇದೇ ಕ್ರಮ ನಡೆಯುತ್ತದೆ. ಎಎಂಟಿ ಬೇರೆ ಜಾತಿ: ಒಳಗಿರುವುದು ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ಚನ್ನೂ ಗೇರನ್ನೂ ಮೋಟರ್ ಅಥವಾ ಹೈಡ್ರಾಲಿಕ್ ಪಂಪ್ ಆಡಿಸುತ್ತದೆ. ಹಲವು ಎಎಂಟಿ ಕಾರುಗಳಲ್ಲಿ ಡ್ರೈವರ್ ಬಾಗಿಲು ತೆಗೆದ ಕೂಡಲೇ ಬಾನೆಟ್ ಒಳಗಿಂದ ಜುಂಯ್ ಅಂತ ಪಂಪಿನ ಸದ್ದು ಬರುತ್ತದೆ. ಮೊದಲು ಬರುತ್ತಿದ್ದ ಆ ಸದ್ದು ಈಗ ನಿಂತಿದ್ದರೆ ಪಂಪಿನ ಫ್ಯೂಸ್, ರಿಲೇ, ಮೋಟರ್ ಈ ಮೂರನ್ನೇ ಮೊದಲು ನೋಡಿ. ಬ್ಯಾಟರಿ, ಅರ್ತ್ (ಕರೆಂಟ್ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ದಾರಿ), ಬ್ರೇಕ್ ಸ್ವಿಚ್ ಹಂತಗಳು ಎಎಂಟಿಗೂ ಹಾಗೇ ಅನ್ವಯ.

ಹೈಬ್ರಿಡ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್ ಕಡೆ ಕೈ ಹಾಕಲೇಬೇಡಿ. ಅದು ಮನೆಯಲ್ಲಿ ಕೂತು ಮಾಡುವ ಕೆಲಸವಲ್ಲ.

## ಬೇಕಾಗುವ ಸಾಮಾನು

ಒಳ್ಳೆಯ ಡಿಜಿಟಲ್ ಮಲ್ಟಿಮೀಟರ್. ಗೇರ್‌ಬಾಕ್ಸಿನ ಕಂಪ್ಯೂಟರ್ ಅಂದರೆ ಟಿಸಿಎಂ ಒಳಗೆ ಹೋಗಿ ಓದಬಲ್ಲ ಸ್ಕ್ಯಾನರ್. ಎರಡು ಬಲ್ಬು: 21 ವ್ಯಾಟ್‌ನ ಇಂಡಿಕೇಟರ್ ಬಲ್ಬು ಒಂದು, 5 ವ್ಯಾಟ್‌ನ ಪಾರ್ಕಿಂಗ್ ಬಲ್ಬು ಒಂದು, ಹೋಲ್ಡರ್ ಮತ್ತು ವೈರ್ ಸಮೇತ. ಸಣ್ಣ ಗುಂಡುಸೂಜಿಗಳು. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ಟಾರ್ಚು. ಒಂದು ನೋಟ್‌ಬುಕ್ಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮ ಕಾರಿನ ಮಾಡೆಲ್, ವರ್ಷಕ್ಕೆ ಸರಿಯಾದ ವೈರಿಂಗ್ ಡಯಾಗ್ರಮ್. ಅದಿಲ್ಲದೆ ಟಿಸಿಎಂ ಕಪ್ಲರಿನ (ವೈರಿನ ಕಟ್ಟು ಬಂದು ಸೇರುವ ಪ್ಲಗ್) ಪಿನ್ನುಗಳಿಗೆ ಮೀಟರ್ ಚುಚ್ಚುವುದು ಕಣ್ಣು ಕಟ್ಟಿಕೊಂಡು ಕಾಫಿ ಗಿಡ ಕಸಿ ಮಾಡಿದ ಹಾಗೆ.

ಕಾರು ಸಮತಟ್ಟಾದ ಜಾಗದಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಇಡಿ. ಕೆಳಗೆ ನುಗ್ಗುವುದಾದರೆ ಜಾಕಿ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಹಾಕಿ. ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು, ಮೀಟರ್ ತಾಗಿಸಬೇಡಿ.

## 1. ಏನನ್ನೂ ಮುಟ್ಟದೆ ಲಕ್ಷಣ ಬರೆದುಕೊಳ್ಳಿ

ಯಾವಾಗ ಬರುತ್ತದೆ? ಬೆಳಿಗ್ಗೆ ತಣ್ಣಗಿದ್ದಾಗಲೋ, ಅರ್ಧ ಗಂಟೆ ಓಡಿದ ಮೇಲೋ? ಮಳೆಯಲ್ಲೋ? ಗುಂಡಿಗೆ ಇಳಿದಾಗಲೋ? ಹಿಂದಿನ ದಿನ ವಾಟರ್ ಸರ್ವೀಸ್ ಮಾಡಿಸಿದ್ದಿರಾ? ಇಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತದಾ?

ಈ ಕೊನೆಯ ಪ್ರಶ್ನೆ ಬಹಳ ಕೆಲಸಕ್ಕೆ ಬರುತ್ತದೆ. ಟಿಸಿಎಂಗೆ ಯಾವುದೋ ಸಿಗ್ನಲ್ ಮೇಲೆ ಅನುಮಾನ ಬಂದರೆ ಅದು ಗೇರ್ ಬದಲಾಯಿಸುವುದನ್ನೇ ಬಿಟ್ಟು ಒಂದೇ ಗೇರಿನಲ್ಲಿ ಕೂರುತ್ತದೆ. ಹಳೆಯ 4 ಗೇರಿನ ಬಾಕ್ಸುಗಳಲ್ಲಿ ಇದು ಹೆಚ್ಚಾಗಿ ಮೂರನೇ ಗೇರು. ಇದನ್ನೇ ಲಿಂಪ್ ಮೋಡ್ ಅನ್ನುತ್ತಾರೆ, ಕುಂಟುತ್ತಾ ಮನೆ ಸೇರಿಕೋ ಅಂತ. ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿಯಾಗಿ ಓಡಿ ಮತ್ತೆ ಹಾಗೇ ಆದರೆ ಕರೆಂಟಿನ ಕಡೆ ಅನುಮಾನ ಜಾಸ್ತಿ. ಏನೇ ಮಾಡಿದರೂ ಒಂದೇ ರೀತಿ ಜಾರುತ್ತಿದ್ದರೆ, ಇಂಜಿನ್ ಗುಂಯ್ ಅಂದರೂ ಕಾರು ಮುಂದೆ ಹೋಗದಿದ್ದರೆ, ಆಯಿಲ್ ಅಥವಾ ಒಳಗಿನ ಕ್ಲಚ್ ಪ್ಲೇಟುಗಳ ಮೇಲೆ ಅನುಮಾನ ಪಡಿ.

ಎಚ್ಚರ: ಲಿಂಪ್ ಮೋಡ್‌ನಲ್ಲಿ ಚಾರ್ಮಾಡಿಯನ್ನೋ ಶಿರಾಡಿಯನ್ನೋ ಇಳಿಯಬೇಡಿ. ಗೇರ್ ಇಳಿಸಿ ವೇಗ ಹಿಡಿಯುವ ಅನುಕೂಲ ಇರುವುದಿಲ್ಲ, ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಹತ್ತುವುದೂ ಬೇಡ. ಮೂರನೇ ಗೇರಿನಲ್ಲಿ ಏರು ಹತ್ತಿಸಿದರೆ ಟಾರ್ಕ್ ಕನ್ವರ್ಟರಿನಲ್ಲಿ ಆಯಿಲ್ ಕುದಿಯುವಷ್ಟು ಕಾಯುತ್ತದೆ, ಆಗ ವೈರಿನ ದೋಷ ನಿಜವಾಗಿಯೂ ಗೇರ್‌ಬಾಕ್ಸ್ ದೋಷವಾಗುತ್ತದೆ. ಹಗ್ಗ ಕಟ್ಟಿ ಎಳೆಸುವುದೂ ತಪ್ಪು. ಇಂಜಿನ್ ನಿಂತಿದ್ದರೆ ಒಳಗಿನ ಆಯಿಲ್ ಪಂಪ್ ತಿರುಗುವುದಿಲ್ಲ, ಚಕ್ರ ಮಾತ್ರ ತಿರುಗಿ ಒಳಗೆಲ್ಲ ಒಣಗಿ ಉಜ್ಜುತ್ತದೆ. ಕಾರನ್ನು ಪೂರ್ತಿ ಎತ್ತಿ ಸಾಗಿಸುವ ಗಾಡಿಯನ್ನೇ ಕರೆಸಿ.

## 2. ಆಯಿಲ್ ನೋಡಿ ಮುಗಿಸಿ

ಇದು ಐದು ನಿಮಿಷದ ಕೆಲಸ. ಡಿಪ್‌ಸ್ಟಿಕ್ ಇದ್ದರೆ ಮ್ಯಾನುಯಲ್‌ನಲ್ಲಿ ಹೇಳಿದ ಹಾಗೆ ಅಳೆಯಿರಿ. ಹಲವು ಕಾರುಗಳಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿ ಇಂಜಿನ್ ಓಡುತ್ತಿರುವಾಗಲೇ ಅಳೆಯಬೇಕು. ಡಿಪ್‌ಸ್ಟಿಕ್ ಇಲ್ಲದ ಕಾರಾದರೆ ಕೆಳಗೆ ಸೋರಿದ ಗುರುತು ಇದೆಯಾ ಅಂತಾದರೂ ನೋಡಿ. ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಇಲ್ಲೇ ನಿಲ್ಲಿಸಿ, ಈ ಮಾರ್ಗದರ್ಶಿ ನಿಮಗಲ್ಲ.

## 3. ಕೋಡ್ ಓದಿ, ಅಳಿಸಬೇಡಿ

ಎಲ್ಲರೂ ಎಡವುವುದು ಇಲ್ಲೇ. ಬ್ಯಾಟರಿ ಬಿಚ್ಚಿದರೆ ಎಷ್ಟೋ ಕಾರುಗಳಲ್ಲಿ ಕೋಡ್ ಹೋಗುತ್ತದೆ, ದೋಷ ಬಂದ ಕ್ಷಣದಲ್ಲಿ ಕಾರು ಬರೆದಿಟ್ಟುಕೊಂಡ ವೇಗ, ಉಷ್ಣತೆ, ವೋಲ್ಟೇಜ್ ಎಲ್ಲವೂ ಹೋಗುತ್ತದೆ. ಸಾಕ್ಷಿಯನ್ನು ನಾವೇ ತೊಳೆದು ಹಾಕಿ ಆಮೇಲೆ ಕಳ್ಳನನ್ನು ಹುಡುಕಿದ ಹಾಗೆ. ಮೊದಲು ಎಲ್ಲ ಕೋಡ್‌ಗಳನ್ನೂ ಫೋಟೊ ತೆಗೆದುಕೊಳ್ಳಿ. ಆ ಕ್ಷಣದ ದಾಖಲೆ, ಅಂದರೆ ಫ್ರೀಜ್ ಫ್ರೇಮ್, ಇದ್ದರೆ ಅದನ್ನೂ.

ಅಗ್ಗದ ಸ್ಕ್ಯಾನರ್‌ಗಳು ಇಂಜಿನ್ ಕಂಪ್ಯೂಟರನ್ನು ಮಾತ್ರ ಓದುತ್ತವೆ. ಅದರಲ್ಲಿ ಪಿ0700 ಕಾಣಿಸುತ್ತದೆ. ಇದರ ಅರ್ಥ ಇಷ್ಟೇ: ಟಿಸಿಎಂ ಹತ್ತಿರ ಏನೋ ದೂರು ಇದೆ, ಅಲ್ಲಿ ಹೋಗಿ ಕೇಳು. ಪಿ0700 ನೋಡಿ ಯಾವ ಸಾಮಾನೂ ತರಬೇಡಿ. ಟಿಸಿಎಂ ಒಳಗೆ ಹೋಗುವ ಸ್ಕ್ಯಾನರ್ ಇರುವವರ ಹತ್ತಿರ ಓದಿಸಿ.

ಸಾಮಾನ್ಯವಾಗಿ ಸಿಗುವವು ಇವು:

- ಪಿ0705, ಪಿ0706: ಪಿ-ಆರ್-ಎನ್-ಡಿ ಯಾವುದರಲ್ಲಿದೆ ಅಂತ ತಿಳಿಸುವ ಸ್ವಿಚ್ಚಿನ ಕಡೆ
- ಪಿ0711ರಿಂದ ಪಿ0713: ಆಯಿಲ್ ಉಷ್ಣತೆಯ ಸೆನ್ಸರ್ ಕಡೆ
- ಪಿ0715: ಇನ್‌ಪುಟ್ ಅಥವಾ ಟರ್ಬೈನ್ ಸ್ಪೀಡ್ (ಗೇರ್‌ಬಾಕ್ಸಿಗೆ ಒಳಬರುವ ವೇಗ) ಸೆನ್ಸರ್ ಕಡೆ
- ಪಿ0720: ಔಟ್‌ಪುಟ್ ಸ್ಪೀಡ್ ಸೆನ್ಸರ್ ಕಡೆ
- ಪಿ0743: ಟಾರ್ಕ್ ಕನ್ವರ್ಟರ್ ಲಾಕ್‌ಅಪ್ ಸೊಲೆನಾಯ್ಡ್‌ನ (ಕರೆಂಟಿನಿಂದ ಆಯಿಲ್ ದಾರಿ ತೆರೆದು ಮುಚ್ಚುವ ಸುರುಳಿ) ಕರೆಂಟ್ ದಾರಿ
- ಪಿ0753, ಪಿ0758: ಶಿಫ್ಟ್ ಸೊಲೆನಾಯ್ಡ್ ಎ, ಬಿಗಳ ಕರೆಂಟ್ ದಾರಿ
- ಪಿ0562: ವೋಲ್ಟೇಜ್ ಕಡಿಮೆ
- ಯು0100, ಯು0101: ಕಂಪ್ಯೂಟರ್‌ಗಳ ನಡುವೆ ಮಾತು ನಿಂತಿದೆ

ಹೆಚ್ಚಿನ ಸಾಲುಗಳಲ್ಲಿ ‘ಕಡೆ’, ‘ದಾರಿ’ ಅಂತ ಬರೆದದ್ದು ಬೇಕಂತಲೇ. ಕೋಡ್ ಬೀದಿಯ ಹೆಸರು ಹೇಳುತ್ತದೆ, ಮನೆ ನಂಬರ್ ನಾವೇ ಹುಡುಕಬೇಕು. ಪಿ0715 ಬಂತು ಅಂತ ಸೆನ್ಸರ್ ತಂದು ಹಾಕಿದವರನ್ನು ಲೆಕ್ಕ ಇಡುವುದನ್ನೇ ನಾನು ಬಿಟ್ಟಿದ್ದೇನೆ.

ಇನ್ನೊಂದು, ಕೊನೆಯ ಅಂಕಿಯನ್ನು ಗಮನಿಸಿ. ಪಿ0753 ಅಂದರೆ ಸೊಲೆನಾಯ್ಡ್ ಎ ಕರೆಂಟ್ ದೋಷ. ಪಿ0751 ಅಂದರೆ ಅದೇ ಸೊಲೆನಾಯ್ಡ್‌ಗೆ ಕರೆಂಟ್ ಹೋಗುತ್ತಿದೆ ಆದರೆ ಕೆಲಸ ಆಗುತ್ತಿಲ್ಲ, ಅಂದರೆ ಕೊಳೆ, ಆಯಿಲ್, ವಾಲ್ವ್ ಅಂಟಿಕೊಂಡಿರುವುದು ಇಂಥದ್ದು. ಎರಡೂ ಒಂದೇ ಅಂತ ತಿಳಿದು ವೈರ್ ಹುಡುಕುತ್ತಾ ಕೂತರೆ ಎರಡು ದಿನ ದಂಡ. ಪಿ0731, ಪಿ0732 ತರದ ಗೇರ್ ಅನುಪಾತದ ಕೋಡ್ ಮಾತ್ರ ಬಂದು ಬೇರೇನೂ ಇಲ್ಲದಿದ್ದರೆ, ಒಳಗೆ ಜಾರುತ್ತಿರುವ ಸಾಧ್ಯತೆಯೂ ದೊಡ್ಡದು.

ಒಟ್ಟಿಗೆ ಆರೇಳು ಕೋಡ್ ಬಂದಿದ್ದರೆ ಗಾಬರಿ ಬೇಡ. ಅಷ್ಟೂ ಭಾಗ ಒಂದೇ ದಿನ ಕೆಟ್ಟಿರುವುದಿಲ್ಲ. ಎಲ್ಲಕ್ಕೂ ಸೇರಿದ್ದು ಒಂದು ಫ್ಯೂಸು, ಒಂದು ಅರ್ತ್, ಒಂದು ಕಪ್ಲರ್ ಇರುತ್ತದೆ. ಅದನ್ನು ಡಯಾಗ್ರಮ್‌ನಲ್ಲಿ ಗುರುತು ಮಾಡಿ.

## 4. ಬ್ಯಾಟರಿ, ಚಾರ್ಜಿಂಗ್, ಅರ್ತ್

ಗೇರ್‌ಬಾಕ್ಸ್ ಕಂಪ್ಯೂಟರ್ ಕಡಿಮೆ ವೋಲ್ಟೇಜ್ ಸಹಿಸುವುದಿಲ್ಲ. ಇಂಜಿನ್ ಹೇಗೋ ಸ್ಟಾರ್ಟ್ ಆಗುತ್ತಿದೆ ಅಂದ ಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆ ಅಂತಲ್ಲ.

ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ ಖಾಲಿ. ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಇಂಜಿನ್ ಓಡುವಾಗ ಸುಮಾರು 13.8ರಿಂದ 14.5ರವರೆಗೆ ಇರಬೇಕು. ಹೊಸ ಕಾರುಗಳಲ್ಲಿ ಚಾರ್ಜಿಂಗನ್ನು ಕಂಪ್ಯೂಟರೇ ಏರಿಸಿ ಇಳಿಸುತ್ತದೆ, ಆದ್ದರಿಂದ ಹೆಡ್‌ಲೈಟ್ ಹಾಕಿ ನೋಡಿ.

ಈಗ ಅರ್ತ್. ಇದನ್ನು ಬೀಪ್ ಸದ್ದಿನಿಂದ ಪರೀಕ್ಷೆ ಮಾಡಬೇಡಿ. ಇಪ್ಪತ್ತು ಎಳೆಯ ವೈರಿನಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ಮೀಟರನ್ನು ಡಿಸಿ ವೋಲ್ಟ್‌ನಲ್ಲಿಡಿ, ಕಪ್ಪು ಮೊನೆ ಬ್ಯಾಟರಿಯ ಮೈನಸ್‌ಗೆ, ಕೆಂಪು ಮೊನೆ ಗೇರ್‌ಬಾಕ್ಸಿನ ಲೋಹದ ಮೈಗೆ. ಯಾರನ್ನಾದರೂ ಕೂರಿಸಿ ಸ್ಟಾರ್ಟ್ ಮಾಡಿಸಿ. ಸ್ಟಾರ್ಟರ್ ತಿರುಗುವಾಗ 0.3 ವೋಲ್ಟ್ ದಾಟಿದರೆ ಬ್ಯಾಟರಿ ಮೈನಸ್‌ನಿಂದ ಗೇರ್‌ಬಾಕ್ಸ್ ತನಕದ ಅರ್ತ್ ದಾರಿ, ಅಂದರೆ ಮೈನಸ್ ಕೇಬಲ್ ಅಥವಾ ಇಂಜಿನ್ನನ್ನು ಕಾರಿನ ಬಾಡಿಯ ಜೊತೆ ಸೇರಿಸುವ ಅರ್ತ್ ಪಟ್ಟಿ, ಸರಿಯಿಲ್ಲ. ಆಮೇಲೆ ಇಗ್ನಿಷನ್ ಆನ್ ಇಟ್ಟು ಟಿಸಿಎಂ ಅರ್ತ್ ಪಿನ್ನಿಗೆ ಕೆಂಪು ಮೊನೆ ಹಿಡಿಯಿರಿ. ಇಲ್ಲಿ 0.1 ವೋಲ್ಟ್ ಒಳಗಿರಬೇಕು.

ಅರ್ತ್ ಬೋಲ್ಟ್ ಮೇಲಿಂದ ಹೊಳೆಯುತ್ತಿದ್ದರೂ ಬಿಚ್ಚಿ ನೋಡಿ. ನಮ್ಮ ಕಡೆ ವಾಷರ್ ಅಡಿಯಲ್ಲೇ ಕಿಲುಬು ಬೆಳೆದಿರುತ್ತದೆ. ಉಪ್ಪುಕಾಗದದಿಂದ ಲೋಹ ಕಾಣುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ತೆಳುವಾಗಿ ಗ್ರೀಸ್ ಸವರಿ.

## 5. ಫ್ಯೂಸ್, ಮತ್ತು ಅದಕ್ಕೆ ನೇತುಬಿದ್ದ ಹೊರಗಿನ ಸಾಮಾನು

ಫ್ಯೂಸನ್ನು ಕಿತ್ತು ಕಣ್ಣಿಂದ ನೋಡಿದರೆ ಸಾಲದು. ಜಾಗದಲ್ಲೇ ಇಟ್ಟು, ಇಗ್ನಿಷನ್ ಆನ್ ಮಾಡಿ, ಫ್ಯೂಸಿನ ನೆತ್ತಿಯ ಎರಡೂ ಚುಕ್ಕೆಗಳಲ್ಲಿ 12 ವೋಲ್ಟ್ ಬರುತ್ತದಾ ನೋಡಿ. ಒಂದು ಕಡೆ ಮಾತ್ರ ಬಂದರೆ ಸುಟ್ಟಿದೆ. ಎರಡೂ ಕಡೆ ಬರದಿದ್ದರೆ ಹಿಂದಿನ ರಿಲೇ ನೋಡಿ.

ಮಂಜು ಜಾಸ್ತಿ ಇರುವ ಊರಲ್ಲಿ ಎಲ್ಲರಿಗೂ ಫಾಗ್ ಲ್ಯಾಂಪ್ ಬೇಕು, ಅಲ್ವಾ. ಹಾಕಿಸಿ, ತಪ್ಪಿಲ್ಲ. ಆದರೆ ಅದಕ್ಕೆ ಕರೆಂಟ್ ಎಲ್ಲಿಂದ ಕದ್ದಿದ್ದಾರೆ ಅಂತ ನೋಡಿ. ರಿವರ್ಸ್ ಕ್ಯಾಮೆರಾ ಇನ್ನೂ ಮೋಸ. ಅದನ್ನು ರಿವರ್ಸ್ ಲೈಟಿನ ವೈರಿಗೆ ಸುತ್ತಿ ಟೇಪ್ ಹಾಕಿರುತ್ತಾರೆ. ಕೆಲವು ಕಾರುಗಳಲ್ಲಿ ರಿವರ್ಸ್ ಲೈಟಿಗೂ ಗೇರ್ ಸ್ಥಾನದ ಸ್ವಿಚ್ಚಿಗೂ ಒಂದೇ ಫ್ಯೂಸ್. ಡಿಕ್ಕಿಯಲ್ಲಿ ನೀರು ಸೋರಿ ಆ ಟೇಪ್ ಒದ್ದೆಯಾದ ದಿನ ಗೇರ್‌ಬಾಕ್ಸಿಗೆ ತಾನು ಯಾವ ಗೇರಿನಲ್ಲಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ. ಬೇಲೂರು ಕಡೆಯಿಂದ ಬಂದ ಒಂದು ಕಾರಿನಲ್ಲಿ ಇದೇ ಆಗಿತ್ತು. ಅವರು ಅಷ್ಟರಲ್ಲಿ ಗೇರ್ ಸ್ವಿಚ್ ಎರಡು ಸಲ ಬದಲಾಯಿಸಿ ಆಗಿತ್ತು.

ಫ್ಯೂಸ್ ಮತ್ತೆ ಮತ್ತೆ ಸುಡುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಬೇಡಿ. ತಂತಿ ಸುತ್ತುವುದಂತೂ ಬೇಡವೇ ಬೇಡ. ಹೊರಗಿನಿಂದ ಹಾಕಿಸಿದ ಸಾಮಾನನ್ನೆಲ್ಲ ಮೊದಲು ಬೇರ್ಪಡಿಸಿ, ಆಮೇಲೆ ನೋಡಿ.

## 6. ಕಣ್ಣು, ಟಾರ್ಚು, ಮೂಗು

ಮೀಟರ್ ಪಕ್ಕಕ್ಕಿಡಿ. ಇಂಜಿನ್ ತಣ್ಣಗಿರುವಾಗ ಗೇರ್‌ಬಾಕ್ಸಿಗೆ ಹೋಗುವ ವೈರಿನ ಕಟ್ಟನ್ನು ಟಿಸಿಎಂನಿಂದ ಕೊನೆತನಕ ಕೈಯಲ್ಲಿ ಸವರುತ್ತಾ ಹೋಗಿ.

ಇಲಿ. ಮಲೆನಾಡಿನಲ್ಲಿ ಇದೇ ಮೊದಲ ಶತ್ರು. ಸೌದೆ ಪಕ್ಕ, ಗೊಬ್ಬರದ ಮೂಟೆ ಪಕ್ಕ, ಕಾಫಿ ಗೋದಾಮಿನ ಪಕ್ಕ ಕಾರು ನಿಲ್ಲಿಸುತ್ತೀರಿ, ಹೊರಗೆ ಎಡೆಬಿಡದ ಮಳೆ, ಒಳಗೆ ಬೆಚ್ಚಗಿನ ಇಂಜಿನ್. ಇಲಿಗೆ ಇನ್ನೇನು ಬೇಕು? ಇಂಜಿನ್ ಮೇಲೆ ಹಿಕ್ಕೆ, ಭತ್ತದ ಹೊಟ್ಟು, ಎಲೆಚೂರು ಕಂಡರೆ ಅಲ್ಲಿಂದ ಒಂದು ಅಡಿ ಸುತ್ತ ಪ್ರತಿ ವೈರನ್ನೂ ತಿರುಗಿಸಿ ನೋಡಿ. ಕಡಿತ ಹೆಚ್ಚಾಗಿ ಕಟ್ಟಿನ ಅಡಿಭಾಗದಲ್ಲಿರುತ್ತದೆ, ಮೇಲಿಂದ ಕಾಣುವುದಿಲ್ಲ. ಬ್ಯಾಟರಿ ತಟ್ಟೆಯ ಕೆಳಗೆ ನೋಡಲು ಮರೆಯಬೇಡಿ. ಹೊಗೆಸೊಪ್ಪು ಇಡುವವರಿದ್ದಾರೆ, ಇಡಿ, ಆದರೆ ಒಣ ಎಲೆಯನ್ನು ಸೈಲೆನ್ಸರ್ ಕೊಳವೆ ಹತ್ತಿರ ಇಡಬೇಡಿ.

ನೀರು. ಕಪ್ಲರ್ ಬಿಚ್ಚುವ ಮುಂಚೆ ಇಗ್ನಿಷನ್ ಆಫ್. ಬಿಚ್ಚಿ ಒಳಗೆ ಟಾರ್ಚ್ ಬಿಡಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ ಕಿಲುಬು. ರಬ್ಬರ್ ಸೀಲ್ ಜಾಗದಲ್ಲಿದೆಯಾ? ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಲು ಬಿಡಿ. ಪೆಟ್ರೋಲ್ ಹಾಕಿ ತೊಳೆಯಬೇಡಿ, ಚಾಕುವಿನಿಂದ ಪಿನ್ ಕೆರೆಯಬೇಡಿ. ಇಂಜಿನ್ ಒಳಗೆ ಪ್ರೆಷರ್ ನೀರು ಹೊಡೆಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಆಯಿಲ್. ಕಪ್ಲರ್ ಒಳಗೆ ಕೆಂಪು ಆಯಿಲ್ ಇದ್ದರೆ ಗೇರ್‌ಬಾಕ್ಸ್ ಒಳಗಿಂದ ಸೀಲ್ ದಾಟಿ ಬರುತ್ತಿದೆ. ಅದು ದೀಪದ ಬತ್ತಿಯ ಹಾಗೆ ವೈರಿನ ಎಳೆಗಳ ನಡುವೆ ಏರಿ ಟಿಸಿಎಂ ತನಕ ಹೋಗಬಲ್ಲದು. ಮರ್ಸಿಡಿಸ್‌ನ ಹಳೆಯ 5 ಗೇರಿನ 722.6 ಬಾಕ್ಸಿನಲ್ಲಿ ಇದು ಹೆಸರಾದ ಕಾಯಿಲೆ. ಬರೀ ಒರೆಸಿ ಹಾಕಿದರೆ ಆಗದು, ಸೀಲ್ ಬದಲಾಗಬೇಕು.

## 7. ಗೇರ್ ಸ್ಥಾನದ ಸ್ವಿಚ್, ಬ್ರೇಕ್ ಸ್ವಿಚ್

ಲಿವರ್ ಪಿಯಿಂದ ಹೊರಗೇ ಬರುತ್ತಿಲ್ಲ ಅಂದರೆ ಮೊದಲು ಕಾರಿನ ಹಿಂದೆ ಹೋಗಿ ಬ್ರೇಕ್ ಲೈಟ್ ಉರಿಯುತ್ತದಾ ನೋಡಿ. ಬ್ರೇಕ್ ತುಳಿದ ಸಿಗ್ನಲ್ ಬಂದರೆ ಮಾತ್ರ ಲಿವರಿನ ಬೀಗ ಬಿಡುತ್ತದೆ. ಪೆಡಲ್ ಮೇಲಿನ ಸಣ್ಣ ಸ್ವಿಚ್ಚೋ ಬ್ರೇಕ್ ಲೈಟಿನ ಫ್ಯೂಸೋ ಹೋಗಿರುತ್ತದೆ. ತುರ್ತಿಗೆ ಲಿವರ್ ಪಕ್ಕ ಸಣ್ಣ ಮುಚ್ಚಳದ ಕೆಳಗೆ ಬೀಗ ಬಿಡಿಸುವ ತೂತು ಇರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ತುಳಿದು ಅದನ್ನು ಒತ್ತಿ. ಬ್ರೇಕ್ ಲೈಟ್ ಇಲ್ಲದ ಕಾರನ್ನು ಮಾತ್ರ ಹಾಗೇ ರಸ್ತೆಗೆ ತರಬೇಡಿ.

ಎನ್‌ನಲ್ಲಿ ಸ್ಟಾರ್ಟ್ ಆಗುತ್ತದೆ, ಪಿಯಲ್ಲಿ ಆಗುವುದಿಲ್ಲ ಅಂದರೆ ಗೇರ್ ಸ್ಥಾನದ ಸ್ವಿಚ್ ಜಾಗ ತಪ್ಪಿದೆ ಅಥವಾ ಸವೆದಿದೆ. ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಲಿವರನ್ನು ನಿಧಾನವಾಗಿ ಪಿಯಿಂದ ಡಿ ತನಕ ತನ್ನಿ. ಪರದೆಯಲ್ಲಿ ಅಕ್ಷರ ತಡವಾಗಿ ಬದಲಾದರೆ, ನಡುವೆ ಖಾಲಿಯಾದರೆ, ಸಿಕ್ಕಿತು. ಬದಲಾಯಿಸುವ ಮುಂಚೆ ಕೇಬಲ್ ಹೊಂದಾಣಿಕೆ ನೋಡಿ.

## 8. ಸೊಲೆನಾಯ್ಡ್: ಅರ್ಧಕ್ಕೆ ಕತ್ತರಿಸುತ್ತಾ ಹೋಗಿ

ಸೊಲೆನಾಯ್ಡ್ ಅಂದರೆ ಕರೆಂಟ್ ಕೊಟ್ಟರೆ ಆಯಿಲ್ ದಾರಿ ತೆರೆದು ಮುಚ್ಚುವ ಸುರುಳಿ. ಅದು ಗೇರ್‌ಬಾಕ್ಸ್ ಒಳಗೆ ಆಯಿಲಿನಲ್ಲಿ ಮುಳುಗಿರುತ್ತದೆ, ಆದರೆ ಹೊರಗಿಂದಲೇ ಅಳೆಯಬಹುದು. ಇಷ್ಟು ಗೊತ್ತಿಲ್ಲದೆ ಎಷ್ಟು ಜನ ಸುಮ್ನೆ ಆಯಿಲ್ ಪ್ಯಾನ್ ಬಿಚ್ಚಿಸಿದ್ದಾರೋ.

ಇಗ್ನಿಷನ್ ಆಫ್ ಮಾಡಿ ಟಿಸಿಎಂ ಕಪ್ಲರ್ ಬಿಚ್ಚಿ. ಡಯಾಗ್ರಮ್ ನೋಡಿ ಆ ಸೊಲೆನಾಯ್ಡಿನ ಪಿನ್ ಹುಡುಕಿ, ವೈರಿನ ಕಡೆಯಿಂದ ಓಮ್ ಅಳೆಯಿರಿ. ಕೆಲವು ಸೊಲೆನಾಯ್ಡ್‌ಗಳ ಇನ್ನೊಂದು ತುದಿ ಗೇರ್‌ಬಾಕ್ಸಿನ ಮೈಗೇ ಅರ್ತ್ ಆಗಿರುತ್ತದೆ, ಕೆಲವಕ್ಕೆ ಪ್ರತ್ಯೇಕ ಪಿನ್ ಇರುತ್ತದೆ. ಆನ್-ಆಫ್ ಮಾದರಿಯವು ಸಾಮಾನ್ಯವಾಗಿ 10ರಿಂದ 25 ಓಮ್, ಆಯಿಲ್ ಒತ್ತಡ ಹಿಡಿಯುವ ಮಾದರಿಯವು ಸುಮಾರು 3ರಿಂದ 6 ಓಮ್ ತೋರಿಸುತ್ತವೆ. ನಿಮ್ಮ ಕಾರಿನ ಸರಿಯಾದ ಅಂಕಿ ಸರ್ವೀಸ್ ಮ್ಯಾನುಯಲ್‌ನಲ್ಲಿದೆ, ಅದನ್ನೇ ನಂಬಿ.

ಇಲ್ಲಿ ಸರಿಯಾದ ಓಮ್ ಬಂದರೆ ವೈರೂ ಸೊಲೆನಾಯ್ಡೂ ಈ ಕ್ಷಣಕ್ಕೆ ಸರಿ ಇವೆ. ಮೀಟರ್ ಏನೂ ತೋರಿಸದಿದ್ದರೆ ಎಲ್ಲೋ ತುಂಡಾಗಿದೆ. ಈಗ ಗೇರ್‌ಬಾಕ್ಸಿನ ಮೇಲಿನ ಕಪ್ಲರ್ ಬಿಚ್ಚಿ, ಗೇರ್‌ಬಾಕ್ಸಿನ ಕಡೆಯ ಪಿನ್ನಿನಲ್ಲಿ ಅಳೆಯಿರಿ. ಅಲ್ಲಿ ಸರಿ ಬಂದರೆ ದೋಷ ಎರಡು ಕಪ್ಲರ್‌ಗಳ ನಡುವಿನ ವೈರಿನಲ್ಲಿದೆ. ಅಲ್ಲೂ ಬರದಿದ್ದರೆ ಮಾತ್ರ ಒಳಗೆ ಹೋಗುವ ಮಾತು.

ಮೂಡಿಗೆರೆ ಕಡೆಯ ತೋಟದವರೊಬ್ಬರ ಕಾರಿಗೆ ಪಿ0753 ಇತ್ತು. ಬೇರೊಂದು ಕಡೆ ಸೊಲೆನಾಯ್ಡ್‌ಗಳು ಕೂರುವ ವಾಲ್ವ್ ಬಾಡಿಯನ್ನೇ ಬದಲಾಯಿಸಬೇಕು ಅಂದಿದ್ದರಂತೆ. ಟಿಸಿಎಂ ತುದಿಯಲ್ಲಿ ಅಳೆದೆ, ಏನೂ ಇಲ್ಲ. ಗೇರ್‌ಬಾಕ್ಸ್ ತುದಿಯಲ್ಲಿ 13 ಓಮ್. ಬ್ಯಾಟರಿ ತಟ್ಟೆ ಎತ್ತಿದರೆ ಅಡಿಯಲ್ಲಿ ಇಲಿಯ ಗೂಡು, ಒಂದು ವೈರ್ ತುಂಡು, ಇನ್ನೆರಡರ ಸಿಪ್ಪೆ ಹೋಗಿದೆ. ತಟ್ಟೆ ಎತ್ತಲು ಬೇಕಾಗಿದ್ದು ಒಂದು 10 ನಂಬರ್ ಸ್ಪ್ಯಾನರ್.

ವೈರ್ ಮೇಲೆ ಇನ್ನೂ ಅನುಮಾನ ಇದ್ದರೆ ಎರಡೂ ತುದಿ ಬಿಚ್ಚಿ, ಒಂದು ತುದಿಗೆ ಫ್ಯೂಸ್ ಮೂಲಕ 12 ವೋಲ್ಟ್ ಕೊಟ್ಟು, ಇನ್ನೊಂದು ತುದಿಯಲ್ಲಿ ಬಲ್ಬು ಉರಿಸಿ. ದಪ್ಪ ವೈರಿಗೆ 21 ವ್ಯಾಟ್, ತೆಳು ವೈರಿಗೆ 5 ವ್ಯಾಟ್. 21 ವ್ಯಾಟ್ ಬಲ್ಬು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಮೀಟರಿನ ಬೀಪ್ ಪರೀಕ್ಷೆಯಲ್ಲಿ ಅದರ ಸಣ್ಣ ಪಾಲೂ ಹರಿಯುವುದಿಲ್ಲ. ಬಲ್ಬು ಮಂಕಾದರೆ ವೈರ್ ಒಳಗೇ ಸತ್ತಿದೆ.

ಮಾಡಲೇಬಾರದ್ದು: ಟಿಸಿಎಂಗೆ ಕಪ್ಲರ್ ಹಾಕಿರುವಾಗ ಓಮ್ ಅಳೆಯುವುದು. ಒತ್ತಡ ಹಿಡಿಯುವ ಸೊಲೆನಾಯ್ಡಿಗೆ ನೇರ 12 ವೋಲ್ಟ್ ಕೊಡುವುದು, ಅದು 5 ಓಮ್ ಇದ್ದರೆ 2.4 ಆಂಪಿಯರ್ ಎಳೆದು ಸುಟ್ಟುಹೋಗಬಹುದು. ಆನ್-ಆಫ್ ಮಾದರಿಗೆ ಫ್ಯೂಸ್ ಮೂಲಕ ಒಂದು ಕ್ಷಣ ಕೊಟ್ಟು ಟಕ್ ಸದ್ದು ಕೇಳಬಹುದು. ಮತ್ತೆ, ವೈರಿನ ಸಿಪ್ಪೆಗೆ ಚುಚ್ಚುವ ಅಭ್ಯಾಸ ಬಿಡಿ. ಬೆಂಗಳೂರಿನಲ್ಲಿ ಹೇಗೋ ನಡೆದೀತು, ಇಲ್ಲಿ ಒಂದು ಮಳೆಗಾಲದಲ್ಲಿ ಆ ತೂತಿನಿಂದಲೇ ಕಿಲುಬು ಶುರುವಾಗುತ್ತದೆ. ಕಪ್ಲರಿನ ಹಿಂದಿನಿಂದ, ವೈರ್ ಪಕ್ಕದಲ್ಲಿ ಗುಂಡುಸೂಜಿ ತೂರಿಸಿ ಅಳೆಯಿರಿ.

## 9. ಸ್ಪೀಡ್ ಸೆನ್ಸರ್, ಉಷ್ಣತೆ ಸೆನ್ಸರ್

ಎರಡು ವೈರಿನ ಸ್ಪೀಡ್ ಸೆನ್ಸರ್ ಹಲವು ಕಾರುಗಳಲ್ಲಿ ಸುರುಳಿ ಮಾದರಿಯದು (ಎಲ್ಲವೂ ಅಲ್ಲ, ಡಯಾಗ್ರಮ್ ನೋಡಿ), ಅದು ಕೆಲವು ನೂರು ಓಮ್‌ನಿಂದ ಒಂದೆರಡು ಸಾವಿರ ಓಮ್ ತನಕ ತೋರಿಸುತ್ತದೆ. ಮೂರು ವೈರಿನದಾದರೆ ಸಾಮಾನ್ಯವಾಗಿ ಹಾಲ್ ಮಾದರಿ, ಅಂದರೆ ಒಳಗೆ ಕಾಂತವನ್ನು ಗುರುತಿಸುವ ಚಿಪ್ ಇರುವಂಥದ್ದು. ಅದಕ್ಕೆ ಓಮ್ ಅಳತೆ ಪ್ರಯೋಜನವಿಲ್ಲ, ಕರೆಂಟ್ ಮತ್ತು ಅರ್ತ್ ಬರುತ್ತಿದೆಯಾ ನೋಡಿ. ಈ ವೈರ್‌ಗಳಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ತಾಗಿಸಬೇಡಿ, ಟಿಸಿಎಂ ಹೋಗಬಹುದು.

ಟಾರ್ಕ್ ಕನ್ವರ್ಟರ್ ಕಾರಿನಲ್ಲಿ ಒಂದು ಸುಲಭ ಪರೀಕ್ಷೆ ಇದೆ. ಇಂಜಿನ್ ಓಡುತ್ತಿರಲಿ, ಎನ್‌ನಲ್ಲಿ ಟರ್ಬೈನ್ ವೇಗ ಇಂಜಿನ್ ವೇಗಕ್ಕೆ ಹತ್ತಿರ ಇರಬೇಕು. ಬ್ರೇಕ್ ಗಟ್ಟಿಯಾಗಿ ತುಳಿದು ಡಿಗೆ ಹಾಕಿದರೆ ಸೊನ್ನೆಗೆ ಇಳಿಯಬೇಕು. ಎರಡರಲ್ಲೂ ಸೊನ್ನೆಯೇ ಇದ್ದರೆ ಸೆನ್ಸರ್ ಅಥವಾ ಅದರ ವೈರ್.

ಉಷ್ಣತೆ ಸೆನ್ಸರಿಗೆ ಚಿಕ್ಕಮಗಳೂರಿನ ಬೆಳಗಿನ ಚಳಿಯೇ ಸಾಕು. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಗೇರ್ ಆಯಿಲ್, ಕೂಲಂಟ್, ಒಳಗೆ ಎಳೆಯುವ ಗಾಳಿ ಮೂರರ ಉಷ್ಣತೆಯೂ ಹತ್ತಿರ ಹತ್ತಿರ ಇರಬೇಕು. ಎರಡು 18 ತೋರಿಸಿ ಆಯಿಲ್ ಮಾತ್ರ ಮೈನಸ್ 40 ತೋರಿಸಿದರೆ ಆ ವೈರ್ ಎಲ್ಲೋ ತುಂಡಾಗಿದೆ.

## 10. ಮಾತು ನಿಂತಿದ್ದರೆ: ಕ್ಯಾನ್ ಲೈನ್

ಕಾರಿನ ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ಎರಡು ವೈರಿನ ಜೋಡಿಯೇ ಕ್ಯಾನ್ ಲೈನ್. ಯು0100, ಯು0101 ಬಂದಾಗ, ಅಥವಾ ಟಿಸಿಎಂ ಸ್ಕ್ಯಾನರಿಗೇ ಸಿಗದಿದ್ದಾಗ ಮಾತ್ರ ಇದು. ಮೊದಲು ಟಿಸಿಎಂಗೆ ಕರೆಂಟ್, ಅರ್ತ್ ಇದೆ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಬ್ಯಾಟರಿ ಮೈನಸ್ ಬಿಚ್ಚಿ, ಕೆಲವು ನಿಮಿಷ ಬಿಟ್ಟು, ಸ್ಕ್ಯಾನರ್ ಹಾಕುವ ಓಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಓಮ್ ಅಳೆಯಿರಿ. 60 ಹತ್ತಿರ ಬರಬೇಕು, ಏಕೆಂದರೆ ಲೈನಿನ ಎರಡು ತುದಿಗೆ 120 ಓಮ್‌ನ ಎರಡು ರೆಸಿಸ್ಟರ್ ಇರುತ್ತವೆ. 120 ಬಂದರೆ ಒಂದು ತುದಿ ಕಡಿದುಹೋಗಿದೆ. ಸೊನ್ನೆ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. ಗೇಟ್‌ವೇ (ಸಾಕೆಟ್ಟಿಗೂ ಒಳಗಿನ ಲೈನ್‌ಗಳಿಗೂ ನಡುವೆ ಕೂರುವ ಕಂಪ್ಯೂಟರ್) ಇರುವ ಹೊಸ ಕಾರುಗಳಲ್ಲಿ ಈ ಅಳತೆ ಗೇಟ್‌ವೇ ತನಕದ್ದು ಮಾತ್ರ, ಅಲ್ಲಿಂದಾಚೆ ಡಯಾಗ್ರಮ್ ನೋಡಿ.

## 11. ಬಿಸಿಯಾದಾಗ ಮಾತ್ರ ಬರುವ ದೋಷ

ಶೆಡ್‌ನಲ್ಲಿ ಎಲ್ಲ ಸರಿ, ಘಾಟಿ ಹತ್ತಿದರೆ ಲೈಟ್. ಇದು ತಲೆಕೆಡಿಸುವ ಜಾತಿ. ತಾಮ್ರದ ಓಮ್ ಪ್ರತಿ ಡಿಗ್ರಿಗೆ ಸುಮಾರು ಶೇ 0.4ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 12 ಇದ್ದ ಸುರುಳಿ 90 ಡಿಗ್ರಿಯಲ್ಲಿ 15ರ ಹತ್ತಿರ ಹೋಗುವುದು ಸಹಜ, ಅದನ್ನು ದೋಷ ಅನ್ನಬೇಡಿ. ಬಿಸಿಯಲ್ಲಿ ದಾರಿ ಪೂರ್ತಿ ತುಂಡಾಗಿ ಮೀಟರ್ ಏನೂ ತೋರಿಸದಿದ್ದರೆ, ಅಥವಾ ಒಂದು ಸೊಲೆನಾಯ್ಡ್ ಮಾತ್ರ ತನ್ನ ಜೊತೆಯವರಿಗಿಂತ ತೀರಾ ಬೇರೆ ಅಂಕಿ ತೋರಿಸಿದರೆ ಅದು ದೋಷ. ಆದ್ದರಿಂದ ಓಡಿಸಿ ಬಂದ ಕೂಡಲೇ, ಸೈಲೆನ್ಸರಿಗೆ ಕೈ ತಾಗದ ಹಾಗೆ ನೋಡಿಕೊಂಡು, ಎಂಟನೇ ಹಂತವನ್ನು ಟಿಸಿಎಂ ತುದಿಯಿಂದ ಮತ್ತೊಮ್ಮೆ ಮಾಡಿ. ತಣ್ಣಗಿದ್ದಾಗ ಬರೆದುಕೊಂಡ ಅಂಕಿ ಪಕ್ಕದಲ್ಲೇ ಬರೆಯಿರಿ.

ಗುಂಡಿಗೆ ಇಳಿದಾಗ ಬರುವುದಾದರೆ ಇಗ್ನಿಷನ್ ಆನ್ ಇಟ್ಟು, ಇಂಜಿನ್ ಓಡಿಸದೆ, ಲೈವ್ ಡೇಟಾ ನೋಡುತ್ತಾ ವೈರಿನ ಕಟ್ಟನ್ನು ಒಂದೊಂದು ಗೇಣು ಅಲ್ಲಾಡಿಸಿ. ಅಂಕಿ ಜಿಗಿದ ಜಾಗದಲ್ಲೇ ರೋಗ. ಇದಕ್ಕೆ ಇಬ್ಬರು ಬೇಕು, ಒಬ್ಬರು ಪರದೆ ನೋಡಲು.

## 12. ಟಿಸಿಎಂ ಕೊನೆಗೆ

ಮೇಲಿನದೆಲ್ಲ ಸರಿ ಇದ್ದು, ಟಿಸಿಎಂಗೆ ಕರೆಂಟ್ ಬಂದು, ಅರ್ತ್ ಇದ್ದು, ಆದರೂ ಅದು ಸೊಲೆನಾಯ್ಡಿಗೆ ಕರೆಂಟ್ ಕೊಡುತ್ತಿಲ್ಲ ಅಂದರೆ ಮಾತ್ರ ಅದರ ಮೇಲೆ ಅನುಮಾನ ಪಡಿ. ಗುಜರಿಯಿಂದ ಹಳೆಯದು ತಂದು ಹಾಕಿದರೆ ಹೆಚ್ಚಿನ ಕಾರುಗಳಲ್ಲಿ ಹಾಗೇ ನಡೆಯುವುದಿಲ್ಲ, ನಿಮ್ಮ ಕಾರಿಗೆ ಪ್ರೋಗ್ರಾಮ್ ಆಗಬೇಕು. ದುಡ್ಡು ಕೊಡುವ ಮುಂಚೆ ಯಾರು ಮಾಡಿಕೊಡುತ್ತಾರೆ ಅಂತ ಕೇಳಿಕೊಳ್ಳಿ.

## 13. ಜೋಡಿಸುವುದು, ಓಡಿಸಿ ನೋಡುವುದು

ತುಂಡಾದ ವೈರನ್ನು ಸುಮ್ಮನೆ ತಿರುಚಿ ಟೇಪ್ ಹಾಕಬೇಡಿ. ಅದೇ ದಪ್ಪದ ವೈರ್, ಬೆಸುಗೆ, ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ. ಮೂರ್ನಾಲ್ಕು ವೈರ್ ಇದ್ದರೆ ಜೋಡಣೆಗಳು ಒಂದೇ ಜಾಗಕ್ಕೆ ಬರದ ಹಾಗೆ ಹಿಂದೆ ಮುಂದೆ ಮಾಡಿ. ಕ್ಯಾನ್ ಜೋಡಿಯನ್ನು ಮೊದಲಿದ್ದ ಹಾಗೇ ಹೆಣೆಯಿರಿ. ಕಪ್ಲರ್ ಹತ್ತಿರ ವೈರ್ ಸ್ವಲ್ಪ ಕೆಳಗೆ ಜೋತುಬೀಳಲಿ, ನೀರು ಅಲ್ಲಿಂದಲೇ ತೊಟ್ಟಿಕ್ಕಿ ಹೋಗುತ್ತದೆ.

ಈಗ ಕೋಡ್ ಅಳಿಸಿ. ನಿಮ್ಮ ಕಾರಿಗೆ ಗೇರ್ ಮರುಕಲಿಕೆ (ಗೇರ್ ಬದಲಾಯಿಸುವ ಅಳತೆಯನ್ನು ಕಂಪ್ಯೂಟರಿಗೆ ಮತ್ತೆ ಕಲಿಸುವುದು) ಬೇಕಿದ್ದರೆ ಸ್ಕ್ಯಾನರಿನಲ್ಲಿ ಮಾಡಿಸಿ. ಎಎಂಟಿಗೆ ಕ್ಲಚ್ ಅಥವಾ ಆಡಿಸುವ ಭಾಗ ಬದಲಾಯಿಸಿದ್ದರೆ ಇದು ಬೇಕೇ ಬೇಕು.

ಮನೆ ಸುತ್ತ ಒಂದು ಸುತ್ತು ಹಾಕಿ ಸರಿಹೋಯಿತು ಅನ್ನಬೇಡಿ. ಹಾಸನದವರಾದರೆ ಸಕಲೇಶಪುರದ ಹೆದ್ದಾರಿಯಲ್ಲಿ ಬಾಳ್ಳುಪೇಟೆ ತನಕ ಹೋಗಿ ಬನ್ನಿ, ಘಾಟಿಗೆ ಇಳಿಯಬೇಡಿ. ಚಿಕ್ಕಮಗಳೂರಿನವರು ಮೊದಲು ಕಡೂರು ರಸ್ತೆಯ ಸಮತಟ್ಟಿನಲ್ಲಿ ಎಲ್ಲ ಗೇರೂ ಬೀಳುತ್ತವಾ ನೋಡಿ, ಅದು ಪಾಸಾದರೆ ಕೈಮರದ ಕಡೆ ಏರು ಹತ್ತಿಸಿ. ವಾಪಸ್ ಬಂದು ಇಂಜಿನ್ ಆಫ್ ಮಾಡುವ ಮುಂಚೆ ಮತ್ತೆ ಸ್ಕ್ಯಾನ್ ಮಾಡಿ, ಡ್ಯಾಶ್‌ಬೋರ್ಡ್‌ನಲ್ಲಿ ಇನ್ನೂ ಲೈಟ್ ಹತ್ತಿಸದ ಬಾಕಿ ಕೋಡ್‌ಗಳನ್ನೂ ಸೇರಿಸಿ. ಮೊದಲ ಜೋರು ಮಳೆ ಬಂದ ಮರುದಿನ ಇನ್ನೊಂದು ಸಲ.